ಹಸಿ ಗೋಡೆ

ಆ ಊರಿನ ಬಾಡಿಗೆ ಮನೆಗಳ ಗುಟ್ಟೆಲ್ಲ ರಟ್ಟಾಗುತ್ತಿದ್ದದ್ದು ಬಣ್ಣದ ಮೇಸ್ತ್ರಿಯ ಊಟದ ಮೇಜಿನ ಮೇಲೆ. ಕಾಲೇಜು ಇರುವ ಊರು. ರಜೆ ಶುರುವಾಗುತ್ತಲೇ ಹಳೇ ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟುತ್ತಾರೆ, ರಜೆ ಮುಗಿಯುವಷ್ಟರಲ್ಲಿ ಹೊಸಬರು ಬಂದಿಳಿಯುತ್ತಾರೆ. ನಡುವಿನ ಬಿಡುವಿನಲ್ಲಿ ಮಾಲೀಕರಿಗೆಲ್ಲ ಒಮ್ಮೆಲೇ ತಮ್ಮ ತಮ್ಮ ಗೋಡೆಗಳ ನೆನಪಾಗುತ್ತದೆ. ಆಗ ಮೇಸ್ತ್ರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ.

ಎಲ್ಲರೂ ಹೇಳುವುದು ಒಂದೇ ಮಾತು: "ಮೇಸ್ತ್ರಿ, ಸುಮ್ನೆ ಒಂದು ಕೋಟು ಎಳೆದುಬಿಡಿ."

ಆ 'ಸುಮ್ನೆ'ಯ ಕೆಳಗೆ ಸೋರುವ ಪೈಪು, ಬೂಷ್ಟು ಹಿಡಿದ ಮೂಲೆ, ಉಪ್ಪು ಬಿಟ್ಟ ಗಾರೆ ಎಲ್ಲವೂ ಮುಚ್ಚಿಹೋಗುತ್ತಿದ್ದವು. ಹಗಲು ಮುಚ್ಚಿದ್ದನ್ನು ಮೇಸ್ತ್ರಿ ಊಟದ ಹೊತ್ತಿಗೆ ಮನೆಯವರೆದುರು ಬಿಚ್ಚಿಡುತ್ತಿದ್ದ. ಮೇಜು ದಾಟಿ ಆ ಮಾತು ಹೊರಗೆ ಹೋಗಬಾರದು ಎಂಬುದು ಮನೆಯ ಕಾನೂನು.

ಕೇಳುವವರು ಅಂದರೆ ನಿಜಕ್ಕೂ ಒಬ್ಬಳೇ, ಮಗಳು. ಅಮ್ಮ ದಿನವಿಡೀ ಹೊಲಿಗೆ ಮೆಷಿನ್ ತುಳಿದು, ಊಟದ ಹೊತ್ತಿಗೂ ನಾಳೆಯ ಅಳತೆಗಳನ್ನು ತಲೆಯಲ್ಲೇ ಕತ್ತರಿಸುತ್ತಿದ್ದಳು. ಅಣ್ಣನದು ಮೊಬೈಲ್ ರಿಪೇರಿ ಅಂಗಡಿ; ಅವನ ತಟ್ಟೆಯ ಪಕ್ಕ ಯಾರದೋ ಹೊಟ್ಟೆ ಬಿಚ್ಚಿದ ಫೋನು ಇದ್ದೇ ಇರುತ್ತಿತ್ತು. ಹೊಸದಾಗಿ ಬಂದ ಅತ್ತಿಗೆ ಬೇಕರಿಯ ಕೌಂಟರಿನಲ್ಲಿ ನಿಂತು ನಿಂತು ಸಾಕಾಗಿ, ತುತ್ತು ಎತ್ತಿದ ಕೈಯಲ್ಲೇ ತೂಕಡಿಸುತ್ತಿದ್ದಳು. ಮಗಳು ಮಾತ್ರ ಕಿವಿಗೊಟ್ಟು ಕೇಳುತ್ತಿದ್ದಳು, ಪ್ರಶ್ನೆ ಹಾಕುತ್ತಿದ್ದಳು. "ಮೇಲಿಂದ ಇಳಿದ ತೇವಾನಾ ಅಪ್ಪ, ನೆಲದಿಂದ ಏರಿದ್ದಾ?" ಇಂಥ ಪ್ರಶ್ನೆಗೆ ಅಪ್ಪನ ಮುಖ ಹೊಸದಾಗಿ ಬಣ್ಣ ಬಳಿದ ಹಾಗೆ ಬೆಳಗುತ್ತಿತ್ತು. ಹೀಗೆ ಕೇಳಿ ಕೇಳಿಯೇ ಅವಳು ಆರ್ಕಿಟೆಕ್ಚರ್ ಸೇರಿದ್ದು ಎಂದು ಅವನು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗುತ್ತಿದ್ದ. ಈಗ ಅವಳು ಕಡೇ ವರ್ಷಕ್ಕೆ ಬಂದಿದ್ದಳು.

ತೊಡಕು ಶುರುವಾದದ್ದು ಅಣ್ಣನ ಮದುವೆಯಿಂದ. ಮನೆಯಲ್ಲಿದ್ದ ಎರಡು ಕೋಣೆಗಳಲ್ಲಿ ಒಂದು ಅಪ್ಪ ಅಮ್ಮನದು, ಅದರಲ್ಲಿ ಅರ್ಧ ಹೊಲಿಗೆ ಮೆಷಿನ್‌ದು, ಇನ್ನೊಂದು ಮಗಳದು. ಹಾಲ್‌ನಲ್ಲಿ ಮಲಗುತ್ತಿದ್ದ ಅಣ್ಣ ಮದುವೆಯಾಗಿ ಕೋಣೆಗೆ ಬಡ್ತಿ ಪಡೆದ. ಅವಳು ಹಾಲ್‌ಗೆ ವರ್ಗವಾದಳು. ನಕ್ಷೆ ಬರೆಯುವುದೂ ಮಾದರಿ ಕಟ್ಟುವುದೂ ಊಟದ ಮೇಜಿನ ಮೇಲೇ. ಮನೆಮಂದಿ ಅವಳ ಕಟ್ಟಡಗಳ ಸಂದಿಯಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುವುದು ರೂಢಿಯಾಯಿತು.

ಒಂದು ಸಂಜೆ ಅಣ್ಣ ಒಲೆಯಿಂದ ಇಳಿಸಿದ ಆಲೂಗಡ್ಡೆಯ ಪಾತ್ರೆಯನ್ನು ತಂದು, ಜಾಗ ಹುಡುಕಿ, ಅವಳ ಥರ್ಮಾಕೋಲ್ ಕಟ್ಟಡದ ತಾರಸಿಯ ಮೇಲೆ ಇಟ್ಟ. ಅದು ವಿದ್ಯಾರ್ಥಿಗಳ ವಸತಿಗೃಹದ ಮಾದರಿ. ಪಾತ್ರೆ ಒಂದೊಂದೇ ಮಹಡಿಯಾಗಿ ಇಳಿದು ನೆಲಮಾಳಿಗೆಯಲ್ಲಿ ನಿಂತಿತು.

"ಸಪಾಟಾಗಿತ್ತು, ಇಟ್ಟೆ," ಎಂದ ಅಣ್ಣ. "ತಾರಸಿ ಅಂದಮೇಲೆ ಒಂದು ಪಾತ್ರೆ ಭಾರ ತಡೀಬೇಡ್ವಾ? ಇಂಜಿನಿಯರ್ ಆಗೋಳು ನೀನು."

"ಆರ್ಕಿಟೆಕ್ಟ್."

"ಎರಡೂ ಒಂದೇ ಅಲ್ವೇನೇ?"

"ಒಂದೇ ಆಗಿದ್ರೆ ನಿನ್ನ ಫೋನನ್ನೂ ಒಲೆ ಮೇಲೆ ಇಡ್ಲಾ?"

ಅಳಬಹುದೆಂದು ಅಮ್ಮ ಕಾಯುತ್ತಿದ್ದಳು. ಮಗಳು ಅಳಲಿಲ್ಲ. ಕರಗಿ ಅಂಟಿದ್ದನ್ನು ಪಾತ್ರೆಯ ತಳದಿಂದ ಚಾಕುವಿನಲ್ಲಿ ಕೆರೆದು ತೆಗೆದಳು, ಎಲ್ಲರಿಗೂ ಬಡಿಸಿದಳು, ಆಮೇಲೆ ಹೇಳಿದಳು: "ನಾನು ಬಾಡಿಗೆ ಮನೆ ನೋಡ್ತಾ ಇದ್ದೀನಿ. ಕ್ಲಾಸಿನ ಇಬ್ಬರು ಜೊತೆಗಿರ್ತಾರೆ. ಕಾಲೇಜು ತೆರೆಯೋದ್ರೊಳಗೆ ಹೋಗ್ತೀನಿ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಯಾವೂರಲ್ಲಿ?"

"ಇದೇ ಊರಲ್ಲಿ."

"ಸ್ವಂತ ಮನೆ ಇಟ್ಕೊಂಡು ಅದೇ ಊರಲ್ಲಿ ಬಾಡಿಗೆ ಮನೆ! ಜನ ಎಲ್ಲಿಂದ ನಗ್ತಾರೆ ಗೊತ್ತಾ?"

"ಎಲ್ಲಿಂದಾದ್ರೂ ನಗಲಿ. ನಂಗೆ ಮೇಜು ಬೇಕು. ಕಡೇ ವರ್ಷದ ಕೆಲಸ ಮಡಿಲಲ್ಲಿಟ್ಕೊಂಡು ಮಾಡೋಕಾಗಲ್ಲ. ಈ ಸಲ ಮಾದರಿ ನಿಲ್ಲದಿದ್ರೆ ನಾನು ಪಾಸಾಗಲ್ಲ."

"ಬಾಡಿಗೆ ಯಾರು ಕೊಡ್ತಾರೆ?" ಎಂದಳು ಅಮ್ಮ.

"ಸಂಜೆ ಹೊತ್ತು ನಕ್ಷೆ ಬರೆಯೋ ಕೆಲಸ ಸಿಕ್ಕಿದೆ. ನಾನೇ ಕೊಡ್ತೀನಿ."

ಅತ್ತಿಗೆಯ ನಿದ್ದೆ ಹಾರಿಹೋಗಿತ್ತು. ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತು ಪಿಸುಗುಟ್ಟಿದಳು: "ನನ್ನಿಂದಾನೇ ಹೋಗ್ತಿದ್ದೀಯಾ?"

"ನಿಮ್ಮಿಂದಲ್ಲ ಅತ್ತಿಗೆ. ಆಲೂಗಡ್ಡೆಯಿಂದ."

ಮುಂದಿನ ಕೆಲವು ದಿನ ಅಪ್ಪ ಬೇಡ ಎಂದ, ಸುತರಾಂ ಬೇಡ ಎಂದ, ಹಾಲ್‌ಗೆ ಮರದ ಹಲಗೆಯ ಅಡ್ಡಗೋಡೆ ಕಟ್ಟಿಸುತ್ತೇನೆ ಎಂದ. ಹಾಲ್‌ನ ಅಗಲಕ್ಕೆ ಅಡ್ಡಗೋಡೆ ಬಂದರೆ ಅವಳಾದರೂ ಇರಬೇಕು, ಇಲ್ಲವೇ ಮುಂಬಾಗಿಲಾದರೂ ಇರಬೇಕು, ಎರಡಕ್ಕೂ ಜಾಗವಿಲ್ಲ ಎಂದು ಮಗಳು ಅಳೆದು ತೋರಿಸಿದಳು. ಆಮೇಲೆ ಒಂದು ಬೆಳಿಗ್ಗೆ ಅಪ್ಪ ಇದ್ದಕ್ಕಿದ್ದಂತೆ ಮೆತ್ತಗಾದ.

"ಆಯ್ತು. ಹುಡುಕು. ಆದ್ರೆ ಮುಂಗಡ ಕೊಡೋಕೆ ಮುಂಚೆ ನಂಗೊಂದು ಮಾತು ಹೇಳು. ಈ ಊರಿನ ಗೋಡೆಗಳು ನಂಗೆ ಗೊತ್ತು."

ಇದರಲ್ಲಿ ಅನುಮಾನ ಪಡುವಂಥದ್ದು ಮಗಳಿಗೆ ಏನೂ ಕಾಣಲಿಲ್ಲ. ಊರಿನ ಗೋಡೆಗಳು ಅಪ್ಪನಿಗೆ ಗೊತ್ತಿದ್ದದ್ದು ನಿಜವೇ.

ಜೊತೆಯ ಇಬ್ಬರೂ ಹೊರ ಊರಿನವರು. ಒಬ್ಬಳನ್ನು ಕ್ಲಾಸಿನಲ್ಲಿ ಲಂಬು ಅನ್ನುತ್ತಿದ್ದರು. ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸುವ ಅಭ್ಯಾಸದವಳು. ಇನ್ನೊಬ್ಬಳು ಕನ್ನಡಕ, ಅದನ್ನು ತೆಗೆದರೆ ಬಾಗಿಲೇ ಕಾಣದವಳು. ಮನೆ ತೋರಿಸಲು ಸಿಕ್ಕಿದ ಬ್ರೋಕರ್‌ಗೆ ಊರಿನ ಎಲ್ಲ ಮನೆಗಳ ವರ್ಣನೆಗೂ ಎರಡೇ ಪದ ಸಾಕಾಗುತ್ತಿದ್ದವು: ಗಾಳಿ, ಬೆಳಕು. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಲಂಬು "ಬೆಳಕೆಲ್ಲಿ ಸಾರ್?" ಎಂದಾಗ ಅವನು ಸ್ವಿಚ್ಚು ಹಾಕಿ ತೋರಿಸಿದ.

ಮಾಲೀಕರು ಒಬ್ಬರಿಗಿಂತ ಒಬ್ಬರು. ಒಬ್ಬಾಕೆ ಬಾಗಿಲನ್ನು ಮುಖದಷ್ಟೇ ತೆರೆದು ವಿಚಾರಣೆ ಶುರುಮಾಡಿದಳು.

"ಅಡುಗೆ ಮಾಡ್ತೀರಾ?"

"ಮಾಡ್ತೀವಿ ಆಂಟಿ."

"ಹಾಗಾದ್ರೆ ಗೋಡೆಗೆ ಹೊಗೆ ಹಿಡಿಯತ್ತೆ."

"ಮಾಡಲ್ಲ ಅಂತಿಟ್ಕೊಳ್ಳಿ."

"ಹಾಗಾದ್ರೆ ಹೊರಗಿಂದ ಊಟ ತರಿಸ್ತೀರಿ, ತರೋರು ನನ್ನ ಬೆಲ್ಲು ಒತ್ತುತ್ತಾರೆ."

ಇನ್ನೊಬ್ಬರ ಮನೆ ಎಲ್ಲದರಲ್ಲೂ ಚೆನ್ನಾಗಿತ್ತು. ಪಕ್ಕದಲ್ಲೇ ಅವರ ಮಗ ಹಾಡು ಕಲಿಯುವುದೊಂದನ್ನು ಬಿಟ್ಟರೆ. ಅದನ್ನೂ ಸಹಿಸಿಕೊಳ್ಳೋಣ ಎಂದು ಮೂವರೂ ಒಪ್ಪಿದರು. ಮಗಳು ಮನೆಗೆ ಬಂದು ಅಪ್ಪನಿಗೆ ಹೇಳಿದಳು.

"ಲೈಬ್ರರಿ ಹಿಂದಿನದಾ?" ಅಪ್ಪ ಲೊಚಗುಟ್ಟಿದ. "ಅಯ್ಯೋ ಮರಿ. ಮಲಗೋ ಕೋಣೆಯಲ್ಲಿ ನೆಲದಿಂದ ಕಿಟಕಿವರೆಗೂ ತೇವ ಏರಿದೆ. ನಾನೇ ಅಲ್ವಾ ಮುಚ್ಚಿದ್ದು."

ಬಿಟ್ಟರು. ಆಮೇಲೆ ಇಸ್ತ್ರಿ ಅಂಗಡಿಯ ಮೇಲಿನದು ಸಿಕ್ಕಿತು, ಬಿಸಿಲು ಬೀಳುವ ಮನೆ. ಅದರ ಬಚ್ಚಲಿನ ಹಿಂದೆ ಪೈಪು ಕೊಳೆತಿತ್ತು, ಅಪ್ಪನ ಪ್ರಕಾರ. ಬಸ್ ನಿಲ್ದಾಣದ ಹತ್ತಿರದ್ದರಲ್ಲಿ ಛಾವಣಿಯ ಗಾರೆ ಒಂದು ದಿನ ತಲೆ ಮೇಲೆ ಬೀಳುವುದಿತ್ತು. ಪ್ರತಿ ಸಲ ಹೇಳುವಾಗಲೂ ಅಪ್ಪನ ದನಿಯಲ್ಲಿ ಅಷ್ಟು ಮರುಕ! ಮಗಳು ಗೆಳತಿಯರೆದುರು ಆ ಮನೆಗಳ ಕಾಯಿಲೆಗಳನ್ನು ವಿವರಿಸಿ ವಿವರಿಸಿ ಸೋತಳು. ಆ ಮನೆಗಳಿಗೆ ಮರುದಿನವೇ ಬೇರೆ ಹುಡುಗರು ಹಾಸಿಗೆ ಹೊತ್ತು ಬರುತ್ತಿದ್ದರು, ಉಲ್ಲಾಸದಿಂದ.

"ಅಲ್ಲ ಕಣೇ," ಎಂದಳು ಕನ್ನಡಕ, "ನಿಮ್ಮಪ್ಪ ಬಣ್ಣ ಬಳೀತಾರೋ, ಗೋಡೆಗಳ ನಾಡಿ ನೋಡ್ತಾರೋ?"

"ಕಾಲೇಜು ತೆರೆಯೋಕೆ ಬಂತು," ಎಂದಳು ಲಂಬು. "ಮುಂದಿನದು ಹೇಗಿದ್ರೂ ಸೈ, ನಾವಿಬ್ಬರು ಹೋಗೋದೇ. ನೀನು ಬಂದ್ರೆ ಬಾ, ಇಲ್ದಿದ್ರೆ ಮೂರನೆಯೋಳನ್ನ ಹುಡುಕ್ತೀವಿ."

ಮುಂದಿನದು ಮೂರನೇ ಮಹಡಿಯಲ್ಲಿತ್ತು. ಹಿಂದೊಮ್ಮೆ ಕಾಗದದ ಗೋದಾಮಾಗಿದ್ದ ಕಟ್ಟಡ. ಕೆಳಗಿನ ಮನೆಯಲ್ಲಿ ಮಾಲೀಕರು, ಗಣಿತ ಕಲಿಸಿ ನಿವೃತ್ತರಾದ ಟೀಚರ್. ಬೀದಿಯವರೆಲ್ಲ ಈಗಲೂ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದರು. ಹಿಂದಿನ ಕೋಣೆಯನ್ನು ಕಂಡು ಮಗಳು ಹೊಸ್ತಿಲಲ್ಲೇ ನಿಂತಳು. ಉದ್ದನೆಯ ಕೋಣೆ, ಉತ್ತರಕ್ಕೆ ದೊಡ್ಡ ಕಿಟಕಿ, ಅದರ ಕೆಳಗೆ ಮೂರು ಮೇಜು ಹಾಕಿದರೂ ಓಡಾಡಬಹುದು. ಇದೇ, ಎಂದುಕೊಂಡಳು.

ಆ ಸಂಜೆ ಊಟಕ್ಕೆ ಎಲ್ಲರೂ ಕೂತಿದ್ದರು. ಮಗಳು ವಿಷಯ ಹೇಳಿದಳು.

"ಹಳೇ ಗೋದಾಮು, ಮೂರನೇ ಮಹಡಿ," ಅಪ್ಪ ಯೋಚಿಸುವವನಂತೆ ಕಣ್ಣು ಮುಚ್ಚಿದ. "ಹಿಂದಿನ ಕೋಣೆ ತಾನೆ? ಕಿಟಕಿ ಪಕ್ಕದ ಗೋಡೆ? ಬೇಡ ಮರಿ. ಒಳಗೆಲ್ಲ ಪಾಚಿ. ಪುಟ್ಟಿ ಮೆತ್ತಿ, ಎರಡು ಕೋಟು ಹೊಡೆದು ಮುಚ್ಚಿದ್ದೀನಿ. ಕೈಯಾರೆ."

"ಕಿಟಕಿ ಪಕ್ಕದ್ದಾ?"

"ಅದೇ."

"ಅಪ್ಪ, ಆ ಕೋಣೆಗೆ ಗಾರೆನೇ ಇಲ್ಲ. ನಾಲ್ಕೂ ಕಡೆ ಬರೀ ಇಟ್ಟಿಗೆ. ಬಣ್ಣದ ಒಂದು ಹನಿ ಬಿದ್ದಿಲ್ಲ."

ಫೋನಿನ ಸ್ಕ್ರೂ ತಿರುಗಿಸುತ್ತಿದ್ದ ಅಣ್ಣ ತಲೆ ಎತ್ತಿದ. ಅಪ್ಪ ಕಣ್ಣು ತೆರೆದ; ತೆರೆದದ್ದು ತಪ್ಪಾಯಿತು ಅನ್ನಿಸಿರಬೇಕು, ನೋಟವನ್ನು ತಟ್ಟೆಯ ಕಡೆ ತಿರುಗಿಸಿದ.

"ಬೇರೆ ಮಹಡಿ ಇರಬಹುದು," ಎಂದ.

"ನೀನು ಆ ಕಟ್ಟಡದೊಳಗೆ ಕಾಲಿಟ್ಟಿದ್ದೀಯಾ?"

"ಹೊರಗಿಂದ ನೋಡಿದ್ದೀನಿ."

"ಹಾಗಾದ್ರೆ ಲೈಬ್ರರಿ ಹಿಂದಿನದು? ಇಸ್ತ್ರಿ ಅಂಗಡಿಯದು? ಬಸ್ ನಿಲ್ದಾಣದ್ದು?"

"ಅದರಲ್ಲಿ ಒಂದು ನಿಜ."

"ಯಾವುದು?"

ಅಪ್ಪ ನೀರು ಕುಡಿದ. "ಮರೆತೆ."

ಅಣ್ಣನಿಗೆ ನಗು ತಡೆಯಲಾಗಲಿಲ್ಲ, ಅತ್ತಿಗೆ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಮಗಳು ಎದ್ದು ನಿಂತಿದ್ದಳು.

"ಇಷ್ಟು ವರ್ಷ ನೀನು ಹೇಳಿದ್ದನ್ನೆಲ್ಲ ಬಾಯಿ ಬಿಟ್ಕೊಂಡು ಕೇಳಿದ್ದೀನಿ. ನಿನ್ನ ಮಾತು ನಂಬಿ ಗೆಳತಿಯರ ಹತ್ರ ಬೈಸ್ಕೊಂಡೆ. ಬೇಡ ಅನ್ನೋಕೆ ಇಷ್ಟ ಇದ್ರೆ ಬೇಡ ಅನ್ನು. ಗೋಡೆ ಹೆಸರಲ್ಲಿ ಸುಳ್ಳು ಯಾಕೆ?"

"ಅಪ್ಪನ್ನ ಸುಳ್ಳ ಅಂತೀಯಾ?" ಅಪ್ಪನ ದನಿಯೂ ಏರಿತು.

"ಮತ್ತೇನನ್ಲಿ? ನಿಜ ಇರೋ ಕಡೆ ಮುಚ್ಚಿ ಬರ್ತೀಯ, ಇಲ್ಲದಿರೋ ಕಡೆ ಬೂಷ್ಟು ಬೆಳೆಸ್ತೀಯ. ನೀನು ಮುಚ್ಚಿದ ಗೋಡೆಗಳ ಪಕ್ಕ ನನ್ನ ಕ್ಲಾಸಿನವರು ಮಲಗಿ ಕೆಮ್ತಾರೆ. ಅವರಿಗೆ ಹೇಳಿದ್ದೀಯಾ ಯಾವತ್ತಾದ್ರೂ?"

ಇದು ಮೇಜಿನ ಕಾನೂನನ್ನು ಮೀರಿದ ಮಾತು. ಅಪ್ಪ ಕೈ ತೊಳೆದು ಹೊರಗೆ ಹೋದ. ತಟ್ಟೆಯಲ್ಲಿ ಊಟ ಹಾಗೇ ಉಳಿದಿತ್ತು.

ಅಮ್ಮ ಆ ತಟ್ಟೆಯನ್ನು ಮುಚ್ಚಿಟ್ಟು, ಮೆಷಿನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದಳು. "ಲೈಬ್ರರಿ ಹಿಂದಿನ ಮನೆಗೆ ನಿಮ್ಮಪ್ಪ ಹೋಗೇ ಇಲ್ಲ," ಎಂದಳು, ತಣ್ಣಗೆ. "ಅದಕ್ಕೆ ಬಣ್ಣ ಹೊಡೆದ ವಾರ ಅವರಿಗೆ ಸೊಂಟ ಹಿಡ್ಕೊಂಡಿತ್ತು."

"ಗೊತ್ತಿದ್ದೂ ಸುಮ್ನಿದ್ಯಾ?"

"ನೀನು ಹೋದ್ರೆ ಆ ಗೋಡೆ ಪುರಾಣ ಕೇಳೋರ್ಯಾರು? ನಾನು! ಅದಕ್ಕೇ ಸುಮ್ನಿದ್ದೆ." ದಾರವನ್ನು ಹಲ್ಲಿನಿಂದ ಕಡಿದಳು. "ತಪ್ಪೇ. ಹೋಗು, ಆ ಮನೆ ಕೈತಪ್ಪಿಸ್ಕೋಬೇಡ. ಕಿಟಕಿ ಅಳತೆ ತಂದುಕೊಡು, ಪರದೆ ಹೊಲಿದುಕೊಡ್ತೀನಿ."

ಮರುದಿನ ಹೋದರೆ ಬ್ರೋಕರ್ ತಲೆ ಕೆರೆದುಕೊಂಡ. ಬೇರೆ ಯಾರೋ ಕೇಳಿಕೊಂಡು ಹೋಗಿದ್ದಾರೆ, ಮಿಸ್ ಇನ್ನೂ ಏನೂ ಹೇಳಿಲ್ಲ, ನಾಳೆ ಬನ್ನಿ. ನಾಳೆ ಎಂದರೆ ಆ ಊರಿನಲ್ಲಿ ಏನರ್ಥ ಎಂದು ಮಗಳಿಗೆ ಈಗ ಗೊತ್ತಿತ್ತು. ಮೂವರೂ ಮಿಸ್ ಮನೆಯ ಮೆಟ್ಟಿಲ ಮೇಲೆ ಕೂತರು. ಮಿಸ್ ತರಕಾರಿ ಚೀಲ ಹಿಡಿದು ಬಂದಾಗ ದಾರಿ ಬಿಡಲು ಎದ್ದರು. ಅವರು ಒಳಗೆ ಹೋದ ಮೇಲೆ ಮತ್ತೆ ಕೂತರು. ಕೊನೆಗೆ ಬಾಗಿಲು ತೆರೆಯಿತು.

"ಏನ್ರೇ ಇದು, ಧರಣಿನಾ?"

"ಮನೆ ಬೇಕು ಮಿಸ್," ಎಂದಳು ಮಗಳು.

"ಇವರಿಬ್ಬರದ್ದು ಹೊರ ಊರು, ಅರ್ಥ ಆಗತ್ತೆ. ನಿನ್ನ ಮನೆ ಇಲ್ಲೇ ಇದೆಯಂತಲ್ಲ. ಊರಲ್ಲೇ ಮನೆ ಇಟ್ಕೊಂಡು ಬಾಡಿಗೆಗೆ ಬರೋಳು ಅಂದ್ರೆ ಹಿಂದೆ ಏನೋ ಜಗಳ ಇರಬೇಕು. ನಾಳೆ ನಿಮ್ಮಪ್ಪ ಬಂದು ನನ್ನ ಬಾಗಿಲು ಬಡಿದ್ರೆ? ನಂಗೆ ವಯಸ್ಸಾಯ್ತಮ್ಮ, ಮೆಟ್ಟಿಲ ಮೇಲೆ ಕೂಗಾಟ ಬೇಡ."

"ಜಗಳ ಇದೆ ಮಿಸ್. ಆದ್ರೆ ನಮ್ಮಪ್ಪ ಬಾಗಿಲು ಬಡಿಯೋರಲ್ಲ."

"ಅದನ್ನ ಅವರೇ ಬಂದು ಹೇಳ್ಲಿ. ನನ್ನ ಕಣ್ಣೆದುರು, 'ನನ್ನ ಒಪ್ಪಿಗೆ ಇದೆ' ಅಂತ. ಬಂದ್ರೆ ಮನೆ ನಿಮ್ಮದು. ಬರದಿದ್ರೆ ಆಮೇಲೆ ಕೇಳಿದೋರದ್ದು."

ಮನೆಗೆ ಹೋಗುವ ದಾರಿಯಲ್ಲಿ ಮಗಳು ಬೇಡಿಕೊಳ್ಳುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿದಳು. ಹೊಸ್ತಿಲು ದಾಟುವಾಗ ಎಲ್ಲವನ್ನೂ ಬಿಟ್ಟಳು. ಅಪ್ಪ ಅಂಗಳದಲ್ಲಿ ಕೂತು ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಿದ್ದ.

"ನಾಳೆ ಬೆಳಿಗ್ಗೆ ಗೋದಾಮಿನ ಮನೆಗೆ ಬರ್ಬೇಕು," ಎಂದಳು. "ನಿನ್ನ ಒಪ್ಪಿಗೆ ಇದೆ ಅಂತ ಮಾಲೀಕರೆದುರು ಹೇಳ್ಬೇಕು. ಅದಾದ್ರೂ ಸುಳ್ಳಾಗದ ಹಾಗೆ, ಒಪ್ಪಿಗೆ ಇದ್ರೆ ಬಾ. ಇಲ್ದಿದ್ರೆ ಬರಬೇಡ. ನಾನು ಇನ್ನೊಂದು ಹುಡುಕ್ತೀನಿ, ಅದೂ ಹೋದ್ರೆ ಮತ್ತೊಂದು. ಆ ಊಟದ ಮೇಜಿಗೆ ಮಾತ್ರ ವಾಪಸ್ ಬರಲ್ಲ."

ಅಪ್ಪ ಬ್ರಶ್ಶು ಒರೆಸುತ್ತಲೇ ಇದ್ದ. "ಎಷ್ಟು ಹೊತ್ತಿಗೆ?" ಎಂದು ಕೇಳಿದ್ದು ಅವಳು ಅಡುಗೆಮನೆ ತಲುಪಿದ ಮೇಲೆ.

ಬೆಳಿಗ್ಗೆ ಅಪ್ಪ ಬಣ್ಣದ ಕಲೆಯಿಲ್ಲದ ಒಂದೇ ಒಂದು ಅಂಗಿ ಹಾಕಿಕೊಂಡು ಬಂದ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ಇಟ್ಟಿಗೆಗಳನ್ನು ಒಂದು ಸುತ್ತು ನೋಡಿದ. ಎಲ್ಲಿಯೂ ತಾನು ಬಳಿದ ಎರಡು ಕೋಟು ಕಾಣಲಿಲ್ಲ. ಕೆಮ್ಮಿದ. ಆಮೇಲೆ ಅಭ್ಯಾಸ ಬಿಡುತ್ತದೆಯೇ, ಬೆರಳಗಂಟಿನಿಂದ ಗೋಡೆಗಳನ್ನು ತಟ್ಟುತ್ತ ಮನೆಯಿಡೀ ತಿರುಗತೊಡಗಿದ. ಮಿಸ್ ಹಿಂದೆ ಹಿಂದೆ ಬಂದರು, ಉತ್ತರಪತ್ರಿಕೆ ತಿದ್ದುವವರ ಪಕ್ಕದಲ್ಲಿ ನಿಂತ ವಿದ್ಯಾರ್ಥಿಯಂತೆ.

ಮುಂದಿನ ಕೋಣೆಯಲ್ಲಿ ಒಂದೇ ಗೋಡೆಗೆ ಗಾರೆ ಇತ್ತು, ಅದರ ಆಚೆ ಬಚ್ಚಲು. ಹೊಚ್ಚ ಹೊಸ ಬಿಳಿ ಬಣ್ಣ. ಅಪ್ಪ ಅಂಗೈ ಊರಿ ನಿಂತ. ಮಗಳ ಕಡೆ ತಿರುಗಿದ, ಬಾಯಿ ತೆರೆದ, ಮುಚ್ಚಿದ. ಅವನು ಹೇಳಿದರೆ ಈಗ ಯಾರು ನಂಬುತ್ತಾರೆ?

"ನೀನೇ ನೋಡು," ಎಂದು ಪಕ್ಕಕ್ಕೆ ಸರಿದ.

ಮಗಳು ಅಂಗೈ ಇಟ್ಟಳು. ತಣ್ಣಗಿತ್ತು. ತಟ್ಟಿದಳು, ಒಂದೆಡೆ ಗಟ್ಟಿ ಸದ್ದು, ಒಂದು ಗೇಣು ಆಚೆಗೆ ಟೊಳ್ಳು. ಉಗುರಿನಿಂದ ಕೆರೆದಾಗ ಬಣ್ಣ ಹಾಲಿನ ಕೆನೆಯ ಹಾಗೆ ಸುಲಿದು ಬಂತು, ಅಡಿಯಲ್ಲಿ ಕಪ್ಪಗೆ ಬೂಷ್ಟು.

"ಪೈಪು ಸೋರ್ತಾ ಇದೆ," ಎಂದಳು.

"ಮೊನ್ನೆ ತಾನೆ ಬಳಿಸಿದ್ದು!" ಎಂದರು ಮಿಸ್. "ಸುಮ್ನೆ ಒಂದು ಕೋಟು ಎಳೀರಿ ಅಂದಿದ್ದೆ..."

"ಆ 'ಸುಮ್ನೆ'ಯಲ್ಲೇ ಇರೋದು ಮಿಸ್, ಎಲ್ಲಾ ಕಾಯಿಲೆ," ಎಂದ ಅಪ್ಪ, ಬಹಳ ಗಂಭೀರವಾಗಿ.

"ಹಾಗಾದ್ರೆ ಮನೆ ಬೇಡ್ವಾ?" ಬ್ರೋಕರ್ ಗಾಬರಿಯಾದ.

ಲಂಬು, ಕನ್ನಡಕ ಇಬ್ಬರೂ ಇನ್ನೇನು ಇದೂ ಹೋಯಿತು ಎಂಬ ಮುಖ ಮಾಡಿದ್ದರು. ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಈ ಸಲ ಅವನೇನೂ ಹೇಳಬೇಕಾಗಿರಲಿಲ್ಲ. ಇಷ್ಟು ದಿನ ಹುಡುಕುತ್ತಿದ್ದ ನೆಪ ತಾನಾಗಿ ಗೋಡೆಯ ಮೇಲೆ ಮೂಡಿ ನಿಂತಿತ್ತು.

"ಬೇಕು," ಎಂದಳು ಮಗಳು. "ಪೈಪು ನೀವು ಸರಿಮಾಡಿಸಿ ಮಿಸ್. ಗಾರೆ ನಾವು ಕೆರೆದು ತೆಗೀತೀವಿ. ಒಣಗೋವರೆಗೂ ಗೋಡೆ ಬಿಚ್ಚೇ ಇರಲಿ, ಯಾರೂ ಬಣ್ಣ ಹಚ್ಚೋದು ಬೇಡ. ಅಲ್ಲಿವರೆಗೆ ಹಿಂದಿನ ಕೋಣೆಯಲ್ಲೇ ಮೂವರೂ ಮಲಗ್ತೀವಿ."

ಮಿಸ್ ಅವಳನ್ನು ಮೇಲಿಂದ ಕೆಳಗೆ ನೋಡಿ, ಅಪ್ಪನ ಕಡೆ ತಿರುಗಿದರು. "ನೀವೇನಂತೀರಿ?"

ಅಪ್ಪ ಅಂಗಿಯ ತುದಿಗೆ ಕೈ ಒರೆಸಿಕೊಂಡ. ಕಲೆಯಿಲ್ಲದ ಅಂಗಿಯೂ ಅಲ್ಲಿಗೆ ಮುಗಿಯಿತು.

"ನನ್ನ ಒಪ್ಪಿಗೆ ಇದೆ," ಎಂದ. "ಗಾರೆ ಕೆರೆಯೋಕೆ ಇವರ ಕೈಲಾಗಲ್ಲ. ನಾನೇ ಬರ್ತೀನಿ."

ಆ ವಾರವೇ ಸಾಮಾನು ಸಾಗಿತು. ಅಣ್ಣ ಹಳೇ ಮೇಜೊಂದನ್ನು ತಲೆಯ ಮೇಲೆ ಹೊತ್ತು ಮೂರು ಮಹಡಿ ಹತ್ತಿ, "ಪಾತ್ರೆ ಇಡೋಕೆ ಜಾಗ ಬಿಟ್ಟು ಕಟ್ಟು" ಎಂದು ಬುದ್ಧಿ ಹೇಳಿ ಇಳಿದ. ಅತ್ತಿಗೆ ಬೇಕರಿಯಿಂದ ಬ್ರೆಡ್ಡು ತಂದುಕೊಟ್ಟಳು. ಅಮ್ಮನ ಪರದೆಗಳು ಕಿಟಕಿಗೆ ಒಂದು ಬೆರಳೂ ಹೆಚ್ಚುಕಮ್ಮಿಯಿಲ್ಲದೆ ಕೂತವು. ಪೈಪು ರಿಪೇರಿಯಾದ ಮೇಲೆ ಅಪ್ಪ ಸುತ್ತಿಗೆ, ಉಳಿ ತಂದು ಆ ಗೋಡೆಯ ಗಾರೆಯನ್ನೆಲ್ಲ ಕಿತ್ತು, ಇಟ್ಟಿಗೆ ಕಾಣುವಷ್ಟು ಬೋಳು ಮಾಡಿ ಬಿಟ್ಟ. ಅವನ ಇಡೀ ವೃತ್ತಿಯಲ್ಲಿ ಗೋಡೆಯೊಂದನ್ನು ತೆರೆದಿಟ್ಟು ಬಂದದ್ದು ಅದೇ ಮೊದಲು.

"ಒಣಗೋಕೆ ಸಮಯ ಹಿಡಿಯತ್ತೆ," ಎಂದ. "ಭಾನುವಾರ ಭಾನುವಾರ ಬಂದು ನೋಡ್ಬೇಕಾಗತ್ತೆ."

ಭಾನುವಾರ ಭಾನುವಾರ ಬಂದ. ಕಾಲೇಜು ತೆರೆಯಿತು, ಹಿಂದಿನ ಕೋಣೆಯ ಮೇಜಿನ ಮೇಲೆ ವಸತಿಗೃಹ ಮತ್ತೆ ಎದ್ದಿತು, ತಾರಸಿ ಸಮೇತ. ಬಿಸಿಲು ಚುರುಕಾಯಿತು. ಮುಂದಿನ ಕೋಣೆಯ ಇಟ್ಟಿಗೆಗಳು ಬಿಸ್ಕತ್ತಿನ ಹಾಗೆ ಬಣ್ಣ ತಿರುಗಿದವು, ಮುಟ್ಟಿದರೆ ಪುಡಿ ಅಂಟುತ್ತಿತ್ತು.

ಅಂಥ ಒಂದು ಭಾನುವಾರ ಅಪ್ಪ ಬಂದವನೇ ಗೋಡೆಗೆ ಅಂಗೈ ಊರಿದ. ಕಿವಿ ಹಚ್ಚಿ ತಟ್ಟಿದ. ತುಟಿ ಮುಂದೆ ಮಾಡಿ ತಲೆಯಾಡಿಸಿದ.

"ಇನ್ನೂ ಸ್ವಲ್ಪ ಹಸಿ ಇದೆ," ಎಂದ.

"ಅಂಕಲ್, ಅದು ಒಣಗಿ..." ಎಂದು ಶುರುಮಾಡಿದ ಲಂಬುವಿನ ಕಾಲ ಮೇಲೆ ಮಗಳ ಕಾಲು ಬಿತ್ತು. ಮಗಳು ಎದ್ದು ಬಂದು ಅಪ್ಪನ ಕೈಯ ಪಕ್ಕದಲ್ಲೇ ತನ್ನ ಕೈ ಇಟ್ಟಳು. ಇಟ್ಟಿಗೆ ಬೆಚ್ಚಗಿತ್ತು.

"ಹೌದಪ್ಪ," ಎಂದಳು. "ಇನ್ನೂ ಇದೆ. ಮುಂದಿನ ವಾರ ಮತ್ತೆ ನೋಡ್ಬೇಕು."

ಅಪ್ಪ ಅವಳನ್ನು ನೋಡಿದ, ಅವಳು ಅವನನ್ನು ನೋಡಿದಳು. ಇಬ್ಬರೂ ಗೋಡೆಯನ್ನು ನೋಡಿದರು. ಕನ್ನಡಕ ಮೇಜಿನ ತುದಿಯನ್ನು ಖಾಲಿ ಮಾಡಿ ಇನ್ನೊಂದು ತಟ್ಟೆ ಇಟ್ಟಳು. ಅಪ್ಪ ಕೈ ತೊಳೆದು ಬಂದು ಕೂತ, ಮೊದಲ ತುತ್ತು ನುಂಗಿದ, ಗಂಟಲು ಸರಿಮಾಡಿಕೊಂಡ.

"ನಿನ್ನೆ ಒಂದು ಮನೆಗೆ ಹೋಗಿದ್ದೆ," ಎಂದ. "ಸುಮ್ನೆ ಒಂದು ಕೋಟು ಎಳೀರಿ ಅಂದ್ರು. ಪೈಪು ಸರಿಮಾಡಿಸದೆ ಬ್ರಶ್ಶು ಅದ್ದಲ್ಲ ಅಂದೆ. ಆ ಗೋಡೆ ಕಥೆ ಕೇಳ್ಬೇಕು ನೀವು..."

ಮೂವರೂ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

"ತಾಳಪ್ಪ, ಮೊದಲಿಂದ ಹೇಳು," ಎಂದಳು ಮಗಳು. "ಮೇಲಿಂದ ಇಳಿದದ್ದಾ, ನೆಲದಿಂದ ಏರಿದ್ದಾ?"